ತಮ್ಮ ಅಡ ಇಟ್ಟ ಅಕ್ಕನ ಸರ

(ಗುರುತು ಸಿಗದಂತೆ ವಿವರ ಬದಲಿಸಿದೆ.)

ನಾದಿನಿಯ ಮದುವೆಗೆ ಹೆಂಡತಿ ಹಾಕಿಕೊಳ್ಳಲೆಂದು ತಮ್ಮ ಒಯ್ದ 32 ಗ್ರಾಂನ ಎರಡೆಳೆ ಸರ ಎಂಟು ತಿಂಗಳಾದರೂ ಬಂದಿರಲಿಲ್ಲ. ಕೇಳಿದಾಗಲೆಲ್ಲ ‘ಲಾಕರ್‌ನಲ್ಲಿದೆ ಅಕ್ಕ, ಮುಂದಿನ ವಾರ ತರ್ತೀನಿ’. ಅಂಗಡಿ ಅಡ್ವಾನ್ಸ್‌ಗೆಂದು ಅದನ್ನು ಬ್ಯಾಂಕಿನಲ್ಲಿ ಅಡ ಇಟ್ಟಿದ್ದ. ಅಕ್ಕ ಪೊಲೀಸ್ ದೂರು ಬರೆದುಕೊಂಡೇ, ರಾಜಿ ಮಾಡಿಸುವ ನಮ್ಮ ಬಳಿ ಬಂದಿದ್ದರು.

ದೂರು ಕೊಡುವ ಹಕ್ಕು ಅವರಿಗಿದೆ. ನಂಬಿಕೆ ದ್ರೋಹ ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್‌ನಡಿ ಅಪರಾಧ. ಆದರೆ ಅವರಿಗೆ ಬೇಕಾಗಿದ್ದದ್ದು ಸರ. ಪೊಲೀಸರು ಜಪ್ತಿ ಮಾಡಿದರೆ ಅದು ಕೋರ್ಟ್ ಸುಪರ್ದಿಗೆ ಹೋಗುತ್ತದೆ. ಬಿಡಿಸಿಕೊಳ್ಳಲು ಅರ್ಜಿ, ಬಾಂಡ್, ಮೇಲೆ ಬ್ಯಾಂಕಿನ ತಕರಾರು. ಎಫ್‌ಐಆರ್ ಆದಮೇಲೆ ರಾಜಿಗೂ ಕೋರ್ಟ್ ಅನುಮತಿ ಬೇಕು.

ತಮ್ಮನನ್ನು ಕರೆಸಿದಾಗ ‘ಯಾಕೆ ಹೀಗೆ ಮಾಡಿದೆ’ ಎಂದು ಯಾರೂ ಕೇಳಬಾರದೆಂದು ಮೊದಲೇ ಹೇಳಿದೆವು. ಆ ಪ್ರಶ್ನೆಗೆ ಇನ್ನೊಂದು ಸುಳ್ಳೇ ಉತ್ತರ. ಕೇಳಿದ್ದು ಅಡವಿನ ಚೀಟಿ ಮಾತ್ರ: ತೂಕ, ಸಾಲ 90,000 ರೂ., ವಾಯಿದೆಗೆ ಇನ್ನು ನಾಲ್ಕು ತಿಂಗಳು. ಅಡ ಇಟ್ಟವನೇ ಹೋಗಿ ಅಸಲು, ಬಡ್ಡಿ ಕಟ್ಟಿದರೆ ಮಾತ್ರ ಬ್ಯಾಂಕ್ ಒಡವೆ ಕೊಡುತ್ತದೆ. ಅವನು ಮುನಿಸಿಕೊಂಡು ಕೂತರೆ ಸರವೂ ಅಲ್ಲೇ. ಹಾಗಾಗಿ ಸೋದರಮಾವನ ಪಂಚಾಯಿತಿ ಬೇಡವೆಂದೆವು.

ಅಮ್ಮ ತಮ್ಮದೇ ಬಳೆ ಅಡ ಇಡಲು ಮುಂದಾದರು. ಅದಕ್ಕೂ ಒಪ್ಪಲಿಲ್ಲ, ಸಾಲ ಅಮ್ಮನ ತಲೆಗೆ ಬರುತ್ತದೆ, ಜಗಳ ಹಾಗೇ ಉಳಿಯುತ್ತದೆ.

ಒಂದು ಹಾಳೆಯಲ್ಲಿ ಸರದ ತೂಕ, ಫೋಟೊ, ಕಂತು ಬರೆದು ಇಬ್ಬರೂ ಸಹಿ ಹಾಕಿದರು, ಎರಡು ಸಾಕ್ಷಿ. ತಮ್ಮ ತಿಂಗಳಿಗೆ 25,000 ರೂ. ನೇರ ಸಾಲದ ಖಾತೆಗೆ ಕಟ್ಟಿ, ರಸೀದಿಯನ್ನು ಅಕ್ಕನ ವಾಟ್ಸಾಪ್‌ಗೆ ಹಾಕಬೇಕು. ಕೊನೆಯ ಕಂತಿನಲ್ಲಿ ಬಡ್ಡಿ ಲೆಕ್ಕ ಚುಕ್ತಾ. ಅಕ್ಕನಿಗೆ ಹೇಳದೆ ರಿನ್ಯೂವಲ್ ಮಾಡಿಸುವಂತಿಲ್ಲ. ಇಂಥ ಒಪ್ಪಂದ ಹೆಚ್ಚಾಗಿ ಮುರಿಯುವುದು ಇಲ್ಲೇ: ಬಡ್ಡಿ ಮಾತ್ರ ಕಟ್ಟಿ ಇನ್ನೊಂದು ವರ್ಷ ತಳ್ಳುತ್ತಾರೆ.

ಎರಡು ಕಂತು ತಪ್ಪಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ. ಮಹಿಳೆಯರಿಗೆ ಅಲ್ಲಿ ನೆರವು ಉಚಿತ, ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಾದ ರಾಜಿಗೆ ಸಿವಿಲ್ ಕೋರ್ಟ್ ಡಿಕ್ರಿಯಷ್ಟೇ ಬಲ.

ಮೂರನೇ ಕಂತು ಹತ್ತು ದಿನ ತಡವಾಯಿತು. ಬಿಡಿಸುವ ದಿನ ಇಬ್ಬರೂ ಬ್ಯಾಂಕಿಗೆ ಹೋಗಿ, ಅಲ್ಲೇ ತೂಗಿಸಿ, ಕೊಂಡಿ ಮತ್ತು ಹಾಲ್‌ಮಾರ್ಕ್ ನೋಡಿ ಸರ ತಂದರು. ಇನ್ನು ಯಾರಿಗೂ ಒಡವೆ ಕೊಡುವುದಿಲ್ಲ ಎಂದಿದ್ದಾರೆ ಅಕ್ಕ. ಮನಸ್ಸು ಬದಲಿಸಿ ಎಂದು ನಾವೂ ಹೇಳಲಿಲ್ಲ.