ಡಿಲೀಟ್ ಮಾಡಿದರೂ ಟೇಬಲ್ ಯಾಕೆ ಸಣ್ಣದಾಗಲ್ಲ?

ಪ್ರಶ್ನೆ: ಔಷಧಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ, ಡೇಟಾಬೇಸ್ ಪೋಸ್ಟ್‌ಗ್ರೆಸ್ 15. ಸ್ಟಾಕ್ ಟೇಬಲ್‌ನಲ್ಲಿ ಇರುವುದೇ 8 ಲಕ್ಷ ಸಾಲು, ಆದರೆ ಡಿಸ್ಕ್‌ನಲ್ಲಿ 40 ಜಿಬಿ ನುಂಗಿದೆ. ಹಳೇ ಸಾಲುಗಳನ್ನು ಡಿಲೀಟ್ ಮಾಡಿದರೂ ಜಾಗ ಇಳಿಯಲಿಲ್ಲ. ಹಗಲಲ್ಲೇ ವ್ಯಾಕ್ಯೂಮ್ ಫುಲ್ (ಟೇಬಲನ್ನು ಹೊಸ ಫೈಲಿಗೆ ಬರೆದು ಸಣ್ಣದು ಮಾಡುವ ಕಮಾಂಡ್) ಓಡಿಸಿದ್ದಕ್ಕೆ ಎಲ್ಲ ಕೌಂಟರ್‌ಗಳಲ್ಲೂ ಬಿಲ್ ನಿಂತುಹೋಯಿತು. ತಾನಾಗಿ ಗುಡಿಸುವ ಆಟೋವ್ಯಾಕ್ಯೂಮ್ ಬೇರೆ ಆಗಾಗ ಓಡುತ್ತಿರುತ್ತದೆ, ಅದನ್ನು ಆಫ್ ಮಾಡಿಬಿಡಲಾ?

ಉತ್ತರ: ಆಫ್ ಮಾಡಬೇಡಿ. ನಿಮ್ಮ ತೊಂದರೆಗೆ ಆಟೋವ್ಯಾಕ್ಯೂಮ್ ಕಾರಣ ಅಲ್ಲ, ಅದರ ಕೈಯನ್ನು ಬೇರೆ ಯಾರೋ ಕಟ್ಟಿಹಾಕಿದ್ದಾರೆ.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿದರೆ ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯುವುದಿಲ್ಲ. ಹೊಸ ಪ್ರತಿ ಬರೆಯುತ್ತದೆ, ಹಳೇ ಪ್ರತಿ ಅಲ್ಲೇ ಇರುತ್ತದೆ, ಯಾಕೆಂದರೆ ಅದೇ ಹೊತ್ತಿಗೆ ಓದುತ್ತಿರುವ ಇನ್ನೊಬ್ಬರಿಗೆ ಆ ಹಳೇ ಪ್ರತಿ ಬೇಕಾಗಬಹುದು. ಡಿಲೀಟ್ ಕೂಡ ಹಾಗೇ, ಸಾಲಿಗೆ ಗುರುತು ಹಾಕುತ್ತದೆ ಅಷ್ಟೇ. ಈಗ ನಿಮ್ಮ ಸ್ಟಾಕ್ ಟೇಬಲ್ ನೋಡಿ. ಜ್ವರದ ಮಾತ್ರೆ ದಿನಕ್ಕೆ 300 ಸಲ ಬಿಲ್ ಆದರೆ ಆ ಒಂದೇ ಸಾಲಿಗೆ 300 ಹಳೇ ಪ್ರತಿಗಳು ಹುಟ್ಟುತ್ತವೆ. ಇವನ್ನು ಗುಡಿಸುವುದೇ ವ್ಯಾಕ್ಯೂಮ್ ಕೆಲಸ. ಗುಡಿಸಿದ ಜಾಗವನ್ನು ಅದು ಅದೇ ಟೇಬಲ್‌ನ ಮುಂದಿನ ಸಾಲುಗಳಿಗೆ ಇಟ್ಟುಕೊಳ್ಳುತ್ತದೆ, ಫೈಲಿನ ಕೊನೆಯ ಪೇಜುಗಳು ಪೂರ್ತಿ ಖಾಲಿಯಾದಾಗ ಮಾತ್ರ ಡಿಸ್ಕ್‌ಗೆ ವಾಪಸ್ ಕೊಡುತ್ತದೆ. ಹಾಗಾಗಿ ಡಿಲೀಟ್ ಆದಮೇಲೂ ಫೈಲ್ ಅಷ್ಟೇ ದೊಡ್ಡದಾಗಿರುವುದು ದೋಷ ಅಲ್ಲ.

ಆದರೆ 40 ಜಿಬಿ ಅನ್ನುವುದು ಖಂಡಿತ ದೋಷ. ಆಟೋವ್ಯಾಕ್ಯೂಮ್‌ನ ಮೂಲ ಸೆಟ್ಟಿಂಗ್ ಪ್ರಕಾರ ಸತ್ತ ಸಾಲುಗಳು ಟೇಬಲ್‌ನ 20 ಶೇಕಡಾ ಮತ್ತು ಮೇಲೆ 50 ದಾಟಿದ ಕೂಡಲೇ ಅದು ಕೆಲಸ ಶುರು ಮಾಡುತ್ತದೆ. ನಿಮ್ಮ ಲೆಕ್ಕದಲ್ಲಿ 1,60,050. ಇಷ್ಟಕ್ಕೆಲ್ಲ ಟೇಬಲ್ 40 ಜಿಬಿ ಊದಿಕೊಳ್ಳುವುದಿಲ್ಲ. ಅಂದರೆ ಅದು ಬರುತ್ತಿದೆ, ನೋಡುತ್ತಿದೆ, ಏನೂ ತೆಗೆಯಲಾಗದೆ ವಾಪಸ್ ಹೋಗುತ್ತಿದೆ.

ಪರೀಕ್ಷೆ ಸುಲಭ. ಆ ಟೇಬಲ್ ಮೇಲೆ ಬರೀ ವ್ಯಾಕ್ಯೂಮ್ ವರ್ಬೋಸ್ ಓಡಿಸಿ, ಫುಲ್ ಬೇಡ. ಇದು ಓದುವವರನ್ನೂ ತಡೆಯುವುದಿಲ್ಲ, ಬರೆಯುವವರನ್ನೂ ತಡೆಯುವುದಿಲ್ಲ. ಬರುವ ಸಾಲುಗಳಲ್ಲಿ ಎಷ್ಟು ತೆಗೆದೆ, ಎಷ್ಟು ಉಳಿದಿವೆ, ಎಷ್ಟು ಸತ್ತಿದ್ದರೂ ಇನ್ನೂ ತೆಗೆಯುವಂತಿಲ್ಲ ಅಂತ ಮೂರು ಲೆಕ್ಕ ಇರುತ್ತದೆ. ಮೂರನೇ ಲೆಕ್ಕ ಲಕ್ಷಗಟ್ಟಲೆ ಇದ್ದರೆ ಯಾವುದೋ ಹಳೇ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲವೇ ಪೂರ್ತಿ ರದ್ದಾಗಬೇಕು ಅನ್ನುವ ಕೆಲಸಗಳ ಗುಂಪು) ತೆರೆದೇ ಕೂತಿದೆ ಅಂತ ಬಹುತೇಕ ಅರ್ಥ.

ಅದನ್ನು ಹಿಡಿಯಲು ಈಗಿರುವ ಕನೆಕ್ಷನ್‌ಗಳ ಪಟ್ಟಿಯಾದ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿ. ಟ್ರಾನ್ಸಾಕ್ಷನ್ ಶುರುವಾದ ಹೊತ್ತಿನ ಕಾಲಂ xact_start ಪ್ರಕಾರ ಜೋಡಿಸಿದರೆ ತುಂಬಾ ಹಳೆಯದು ಮೇಲೆ ಬರುತ್ತದೆ. ಅದರ ಸ್ಟೇಟ್ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತಿದ್ದು, ಬ್ಯಾಕೆಂಡ್_ಎಕ್ಸ್‌ಐಡಿ ಅಥವಾ ಬ್ಯಾಕೆಂಡ್_ಎಕ್ಸ್‌ಮಿನ್ ಕಾಲಂನಲ್ಲಿ ಹಳೇ ಟ್ರಾನ್ಸಾಕ್ಷನ್ ನಂಬರ್ ಇದ್ದರೆ ಅದೇ ಆಸಾಮಿ. ಎರಡೂ ಖಾಲಿ ಇದ್ದರೆ ಅದು ವ್ಯಾಕ್ಯೂಮ್‌ಗೆ ಅಡ್ಡ ಬಂದಿಲ್ಲ, ಬಿಟ್ಟುಬಿಡಿ. ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಜಾಸ್ತಿ ಸಿಗುವ ತಪ್ಪು ಯಾವುದು ಗೊತ್ತಾ? ಟ್ರಾನ್ಸಾಕ್ಷನ್ ಶುರು ಮಾಡಿ, ಸ್ಟಾಕ್ ಕಡಿಮೆ ಮಾಡಿ, ಆಮೇಲೆ ಪ್ರಿಂಟರ್ ಉತ್ತರಕ್ಕೆ ಕಾಯುವುದು. ಪೇಪರ್ ಮುಗಿದಿದ್ದರೆ ಕಮಿಟ್ (ಕೆಲಸ ಖಾಯಂ ಆಗುವುದು) ಆಗುವುದೇ ಇಲ್ಲ, ಕೌಂಟರಿನ ಹುಡುಗ ಇನ್ನೊಂದು ಕಂಪ್ಯೂಟರ್‌ನಲ್ಲಿ ಬಿಲ್ ಮಾಡಿ ಮನೆಗೆ ಹೋಗುತ್ತಾನೆ, ಆ ಕನೆಕ್ಷನ್ ಸುಮ್ನೆ ಕೂತಿರುತ್ತದೆ. ಆಕ್ಟಿವಿಟಿಯಲ್ಲಿ ಯಾರೂ ಕಾಣದಿದ್ದರೆ ಬಳಕೆಯಲ್ಲಿಲ್ಲದ ರೆಪ್ಲಿಕೇಷನ್ ಸ್ಲಾಟ್ (ಇನ್ನೊಂದು ಸರ್ವರ್‌ಗೆ ಡೇಟಾ ಕಳಿಸಲು ಇಟ್ಟ ಗುರುತು) ಇದೆಯಾ, ಎರಡು ಹಂತದ ಕಮಿಟ್‌ಗೆ ಅಂತ ಪ್ರಿಪೇರ್ ಮಾಡಿ ಬಿಟ್ಟ ಟ್ರಾನ್ಸಾಕ್ಷನ್ ಇದೆಯಾ ನೋಡಿ.

ನಿಮ್ಮ ಕೌಂಟರ್‌ಗಳು ನಿಂತದ್ದಕ್ಕೂ ಇದಕ್ಕೂ ಸಂಬಂಧ ಇರುವ ಸಾಧ್ಯತೆ ಜಾಸ್ತಿ. ವ್ಯಾಕ್ಯೂಮ್ ಫುಲ್‌ಗೆ ಇಡೀ ಟೇಬಲ್ ಮೇಲೆ ಪೂರ್ತಿ ಬೀಗ ಬೇಕು. ಹಳೇ ಟ್ರಾನ್ಸಾಕ್ಷನ್ ಆ ಟೇಬಲ್ ಮುಟ್ಟಿದ್ದರೆ ಫುಲ್ ಅದಕ್ಕಾಗಿ ಕಾಯುತ್ತದೆ, ಫುಲ್ ಹಿಂದೆ ಬಂದ ಪ್ರತಿ ಬಿಲ್ಲೂ, ಬರೀ ಓದುವ ಕ್ವೆರಿಗಳೂ ಸಾಲಾಗಿ ನಿಲ್ಲುತ್ತವೆ. ಒಂದು ವೇಳೆ ಬೀಗ ಸಿಕ್ಕಿದರೂ, ಬೇರೆ ಟೇಬಲ್ ಮುಟ್ಟಿ ಕೂತ ಹಳೇ ಟ್ರಾನ್ಸಾಕ್ಷನ್ ಇರುವತನಕ ತೆಗೆಯಬಾರದ ಸತ್ತ ಸಾಲುಗಳನ್ನು ಫುಲ್ ಕೂಡ ಹೊಸ ಫೈಲಿಗೆ ಹೊತ್ತುಕೊಂಡೇ ಹೋಗುತ್ತದೆ. ಆದ್ದರಿಂದ ಮೊದಲು ಆ ಆಸಾಮಿಯನ್ನು ಪಿಜಿ_ಟರ್ಮಿನೇಟ್_ಬ್ಯಾಕೆಂಡ್‌ನಿಂದ ಎಬ್ಬಿಸಿ ಕಳಿಸಿ. ಅದರ ಕಮಿಟ್ ಆಗದ ಕೆಲಸ ರದ್ದಾಗುತ್ತದೆ, ಆ ಬಿಲ್ ಯಾವುದು ಅಂತ ನೋಡಿಕೊಂಡೇ ಮಾಡಿ. ಆಮೇಲೆ ಅಂಗಡಿಗಳೆಲ್ಲ ಮುಚ್ಚಿದ ಹೊತ್ತಲ್ಲಿ ಫುಲ್ ಒಂದೇ ಸಲ ಓಡಿಸಿ. ಅಂಗಡಿ ಮುಚ್ಚುವ ಮಾತೇ ಇಲ್ಲ ಅಂದರೆ ಪಿಜಿ_ರಿಪ್ಯಾಕ್ ಅನ್ನುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದಕ್ಕೆ ಪೂರ್ತಿ ಬೀಗ ಶುರುವಲ್ಲೂ ಕೊನೆಯಲ್ಲೂ ಸ್ವಲ್ಪ ಹೊತ್ತು ಸಾಕು, ಆದರೆ ಟೇಬಲ್‌ಗೆ ಪ್ರೈಮರಿ ಕೀ, ಇಲ್ಲವೇ ನಲ್ ಇರದ ಕಾಲಂ ಮೇಲೆ ಯೂನಿಕ್ ಇಂಡೆಕ್ಸ್ ಇರಬೇಕು.

ಮುಂದೆ ಹೀಗಾಗದಿರಲು, ಟ್ರಾನ್ಸಾಕ್ಷನ್ ತೆರೆದು ಸುಮ್ನೆ ಕೂತ ಕನೆಕ್ಷನ್ ಕಡಿಯುವ ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮೌಟ್ ಅನ್ನು 5 ನಿಮಿಷಕ್ಕೆ ಇಡಿ. ಪೋಸ್ಟ್‌ಗ್ರೆಸ್ 9.6ರಿಂದಲೇ ಇದೆ, ಆದರೆ ತಾನಾಗಿ ಆನ್ ಆಗಿರುವುದಿಲ್ಲ. ಕೋಡ್‌ನಲ್ಲಿ ಕಮಿಟ್ ಮೊದಲು, ಪ್ರಿಂಟ್ ಆಮೇಲೆ. ಸ್ಟಾಕ್ ಸಂಖ್ಯೆಯ ಕಾಲಂ ಮೇಲೆ ಇಂಡೆಕ್ಸ್ ಇದ್ದು ಅದರ ಉಪಯೋಗ ಇಲ್ಲದಿದ್ದರೆ ತೆಗೆಯಿರಿ, ಫಿಲ್‌ಫ್ಯಾಕ್ಟರ್ (ಪೇಜನ್ನು ಶೇಕಡಾ ಎಷ್ಟು ತುಂಬಬೇಕು ಅನ್ನುವ ಸೆಟ್ಟಿಂಗ್) ಅನ್ನು 100ರಿಂದ 80ಕ್ಕೆ ಇಳಿಸಿ. ಆಗ ಹೊಸ ಪ್ರತಿಗೆ ಅದೇ ಪೇಜಿನಲ್ಲಿ ಜಾಗ ಸಿಗುತ್ತದೆ, ಇಂಡೆಕ್ಸ್ ಮುಟ್ಟುವ ಕೆಲಸವೇ ಇರುವುದಿಲ್ಲ. ಇದನ್ನು ಫುಲ್ ಓಡಿಸುವ ಮೊದಲೇ ಮಾಡಿದರೆ ಹೊಸ ಫೈಲಿಗೆ ಆಗಲೇ ಅನ್ವಯ ಆಗುತ್ತದೆ.

ಪ್ರಶ್ನೆ: ಗ್ರಾಹಕರ ಹೆಸರನ್ನು ಕನ್ನಡದಲ್ಲೇ ಇಡುತ್ತೇವೆ. ‘ಗೋಪಾಲ’ ಅಂತ ಹುಡುಕಿದರೆ ಕೆಲವರು ಸಿಗುತ್ತಾರೆ, ಕೆಲವರು ಸಿಗಲ್ಲ. ಕಣ್ಣಿಗೆ ಎಲ್ಲ ಒಂದೇ ಥರ ಇದೆಯಲ್ವಾ?

ಉತ್ತರ: ಕಣ್ಣಿಗೆ ಒಂದೇ, ಬೈಟುಗಳಲ್ಲಿ ಬೇರೆ. ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಕೊಂಬಿನ ದೀರ್ಘ, ಮೇಲೊಂದು ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಎರಡೂ ಹೆಸರಿಗೆ ಕ್ಯಾರ್_ಲೆಂಗ್ತ್ (ಒಳಗಿನ ಸಂಕೇತಗಳ ಎಣಿಕೆ) ಕೇಳಿ ನೋಡಿ, ಒಂದು ಗೋಪಾಲ 5 ಅನ್ನುತ್ತದೆ, ಇನ್ನೊಂದು 7. ಒಂದೇ ಹೆಸರು ಎರಡು ಸಲ ಬರದಂತೆ ಯೂನಿಕ್ ಇಂಡೆಕ್ಸ್ ಹಾಕಿದ್ದರೂ ಇಬ್ಬರೂ ಒಳಗೆ ಬರುತ್ತಾರೆ.

ಪೋಸ್ಟ್‌ಗ್ರೆಸ್ 13ರಿಂದ ಇಂಥ ಬೇರೆ ಬೇರೆ ರೂಪಗಳನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಫಂಕ್ಷನ್ ಇದೆ, ಡೇಟಾಬೇಸ್ ಯುಟಿಎಫ್‌8 ಆಗಿರಬೇಕು ಅಷ್ಟೇ. ಹೆಸರು ಒಳಗೆ ಬರುವಾಗಲೇ ಅದರ ಮೂಲಕ ಹಾಯಿಸಿ. ಆದರೆ ‘ರಾಜ್‌ಕುಮಾರ್’ ಥರದ ಹೆಸರಿನ ನಡುವೆ ಕಾಣದ ಒಂದು ಜೋಡಣೆ ತಡೆಯುವ ಅಕ್ಷರ ಇರುತ್ತದೆ, ಅದನ್ನು ನಾರ್ಮಲೈಸ್ ತೆಗೆಯುವುದಿಲ್ಲ. ಮೂಲ ಹೆಸರಿನಿಂದ ಅದನ್ನು ಕಿತ್ತುಹಾಕಬೇಡಿ, ಬಿಲ್‌ನಲ್ಲಿ ‘ರಾಜ್ಕುಮಾರ್’ ಅಂತ ಒತ್ತಕ್ಷರವಾಗಿ ಬರುತ್ತದೆ, ಅವರ ಹೆಸರನ್ನು ನಾವು ಕೆಡಿಸಿದಂತಾಗುತ್ತದೆ. ಹುಡುಕುವುದಕ್ಕೇ ಅಂತ ಒಂದು ಜನರೇಟೆಡ್ ಕಾಲಂ (ಬೇರೆ ಕಾಲಂನಿಂದ ತಾನಾಗಿ ತುಂಬುವ ಕಾಲಂ) ಮಾಡಿ, ಅದರಲ್ಲಿ ನಾರ್ಮಲೈಸ್ ಆದಮೇಲೆ ಕೋಡ್ 8204 (ಜೋಡಣೆ ತಡೆಯುವುದು) ಮತ್ತು 8205 (ಜೋಡಿಸುವುದು) ಎಂಬ ಕಾಣದ ಅಕ್ಷರಗಳನ್ನು ತೆಗೆದಿಡಿ, ಇಂಡೆಕ್ಸ್ ಆ ಕಾಲಂ ಮೇಲೆ ಹಾಕಿ. ಹುಡುಕಲು ಟೈಪ್ ಮಾಡಿದ ಪದಕ್ಕೂ ಇದೇ ಎರಡು ಕೆಲಸ ಮಾಡಿ ಆಮೇಲೆ ಹೋಲಿಸಿ.