ಹದಿನೇಳಕ್ಕೇ ಐದು ವರ್ಷದ ಒಪ್ಪಂದವೇ?

ಪ್ರಶ್ನೆ: ಮಗನಿಗೆ 17 ವರ್ಷ, ಫುಟ್‌ಬಾಲ್ ಕ್ಲಬ್ಬೊಂದರ ಯುವ ತಂಡದಲ್ಲಿ ಫಾರ್ವರ್ಡ್. ಐದು ವರ್ಷದ ವೃತ್ತಿಪರ ಒಪ್ಪಂದ ಮಾಡಿಕೊಂಡು, ಮೊದಲ ಸೀಸನ್‌ಗೆ ಕೆಳಗಿನ ಲೀಗಿನ ತಂಡಕ್ಕೆ ಲೋನ್ ಮೇಲೆ, ಅಂದರೆ ಒಪ್ಪಂದ ತಮ್ಮಲ್ಲೇ ಇಟ್ಟುಕೊಂಡು ತಾತ್ಕಾಲಿಕವಾಗಿ ಆಡಲು, ಕಳಿಸುತ್ತಾರಂತೆ. ಬೇಡವಾದವರನ್ನು ಸಾಗಹಾಕುವ ದಾರಿಯೇ ಇದು?

ಉತ್ತರ: ಐದು ವರ್ಷದ ಮಾತನ್ನು ಮೊದಲು ಪಕ್ಕಕ್ಕಿಡಿ. ಫಿಫಾ ನಿಯಮದ ಪ್ರಕಾರ 18 ತುಂಬದ ಆಟಗಾರನ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ. ಬರೆಸಿಕೊಂಡರೂ ಮೂರರಾಚೆಯ ಅವಧಿಗೆ ಮಾನ್ಯತೆಯಿಲ್ಲ. ‘ಕ್ಲಬ್ ಇಚ್ಛಿಸಿದರೆ ಮುಂದುವರಿಕೆ’ ಎಂಬ ಸಾಲು ಎಲ್ಲಾದರೂ ಅಡಗಿದೆಯೇ ಹುಡುಕಿ. ಹುಡುಗ ಮಿಂಚಿದರೆ ಹಳೇ ಸಂಬಳಕ್ಕೇ ಕಟ್ಟಿಹಾಕಲು, ಮಂಕಾದರೆ ಕೈಬಿಡಲು ಅದು ಅನುಕೂಲ. ತೆಗೆಸಿ. ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಷರತ್ತಿಗೂ ಅವಕಾಶವಿಲ್ಲ; ಪರೀಕ್ಷೆ ಸಹಿಗೆ ಮುಂಚೆಯೇ ಮುಗಿಯಬೇಕು.

ಲೋನ್ ಸಾಗಹಾಕುವ ದಾರಿಯೇನಲ್ಲ. ಇಂಗ್ಲೆಂಡಿನ ಫಾರ್ವರ್ಡ್ ಹ್ಯಾರಿ ಕೇನ್‌ರನ್ನು ಅವರ ಕ್ಲಬ್ ಟಾಟನ್‌ಹ್ಯಾಮ್ 2011ರಿಂದ 2013ರೊಳಗೆ ಲೇಟನ್ ಓರಿಯೆಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಎಂದು ನಾಲ್ಕು ಕಡೆ ಕಳಿಸಿತ್ತು. ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನಲ್ಲಿದ್ದ ನಾರ್ವಿಚ್‌ನಲ್ಲಿ ಪಾದದ ಮೂಳೆ ಮುರಿದು ಆಡಿದ್ದೇ ಕಡಿಮೆ; ಅದಕ್ಕಿಂತ ಕೆಳಗಿನ ಹಂತದ ಮಿಲ್‌ವಾಲ್‌ನಲ್ಲಿ ಪಂದ್ಯದ ಮೇಲೆ ಪಂದ್ಯ ಸಿಕ್ಕಿತು. 2015-16ರಲ್ಲಿ ಅವರೇ ಪ್ರೀಮಿಯರ್ ಲೀಗಿನ ಗರಿಷ್ಠ ಗೋಲುದಾರ. ಹಾಗಾಗಿ ಕ್ಲಬ್ಬಿನ ಹೆಸರಿಗೆ ಮರುಳಾಗಬೇಡಿ. ಮಗನ ಸ್ಥಾನಕ್ಕೆ ಅಲ್ಲಿ ಈಗಾಗಲೇ ಎಷ್ಟು ಜನ ಇದ್ದಾರೆ? ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ಓಡುವ ಹುಡುಗನನ್ನು ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿದಿಡಲು ನಿಲ್ಲಿಸಿದರೆ ಆರು ತಿಂಗಳು ವ್ಯರ್ಥ. ಆ ತಂಡದ ಕಳೆದ ನಾಲ್ಕೈದು ಪಂದ್ಯ ನೋಡಿದರೆ ಇದು ತಿಳಿಯುತ್ತದೆ.

ಲೋನ್ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಹುಡುಗನನ್ನು ಕೇಳಿ ಕರೆಸಿಕೊಂಡ ಕೋಚ್‌ನನ್ನೇ ಸೀಸನ್ ನಡುವೆ ಮನೆಗೆ ಕಳಿಸುತ್ತಾರೆ, ಹೊಸಬನಿಗೆ ಇವನು ಯಾರೋ. ಅದಕ್ಕೇ ನಡುವಿನ ವರ್ಗಾವಣೆ ಅವಧಿಯಲ್ಲಿ ವಾಪಸ್ ಕರೆಸಿಕೊಳ್ಳುವ ಷರತ್ತು ಇರಲಿ. ಇದರಲ್ಲೊಂದು ತೊಡಕಿದೆ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಿಗೆ ನೋಂದಣಿಯಾಗಬಹುದು, ಅಧಿಕೃತ ಪಂದ್ಯ ಆಡುವುದು ಸಾಮಾನ್ಯವಾಗಿ ಎರಡಕ್ಕೆ ಮಾತ್ರ. ಸೀಸನ್ ಆರಂಭದಲ್ಲಿ ಮೂಲ ಕ್ಲಬ್ಬಿಗೆ ಬದಲಿ ಆಟಗಾರನಾಗಿ ಐದು ನಿಮಿಷ ಇಳಿದಿದ್ದರೂ ಲೆಕ್ಕಕ್ಕೆ ಬರುತ್ತದೆ. ಹಾಗೆ ಇಳಿದ ಮೇಲೆ ಲೋನ್ ತಂಡಕ್ಕೂ ಆಡಿ ಲೋನ್ ಕೆಟ್ಟರೆ, ಆ ಸೀಸನ್‌ನಲ್ಲಿ ಮೂರನೇ ತಂಡಕ್ಕೆ ಆಡುವ ಬಾಗಿಲು ಮುಚ್ಚಿದಂತೆಯೇ.

ಪ್ರಶ್ನೆ: ನನಗೆ ಯುವ ತಂಡದಿಂದ ಹಿರಿಯರ ತಂಡಕ್ಕೆ ಬಡ್ತಿ ಸಿಕ್ಕ ಆರೇ ವಾರಕ್ಕೆ ತೊಡೆಯ ಹಿಂಭಾಗ ಹಿಡಿದುಕೊಂಡಿತು. ಏಕೆ?

ಉತ್ತರ: ಹಿರಿಯರ ಪಂದ್ಯದಲ್ಲಿ ಪೂರ್ತಿ ವೇಗದ ಓಟ ಹೆಚ್ಚು. ಪಾದ ನೆಲ ಮುಟ್ಟುವ ಮುನ್ನ ಮುಂದಕ್ಕೆ ಚಾಚಿದ ಕಾಲಿಗೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಬ್ರೇಕ್ ಹಾಕುತ್ತದೆ, ಹರಿಯುವುದು ಹೆಚ್ಚಾಗಿ ಆಗಲೇ. ಜೊತೆಗೆ ಎರಡೂ ತಂಡಗಳ ಅಭ್ಯಾಸಕ್ಕೆ ಹೋಗುತ್ತಿದ್ದೀರಾ? ಇಬ್ಬರು ಕೋಚ್‌ಗಳೂ ತಮ್ಮ ತಮ್ಮ ಲೆಕ್ಕ ಮಾತ್ರ ಇಟ್ಟಿರುತ್ತಾರೆ. ಒಟ್ಟು ಲೆಕ್ಕ ಒಬ್ಬರ ಕೈಯಲ್ಲಿರಲಿ.

ಫಿಸಿಯೊ ಒಪ್ಪಿದ ಮೇಲೆ ನಾರ್ಡಿಕ್ ವ್ಯಾಯಾಮ ಶುರುಮಾಡಿ: ಮಂಡಿಯೂರಿ, ಹಿಮ್ಮಡಿಯ ಬಳಿ ಕಾಲನ್ನು ಜೊತೆಗಾರ ಅದುಮಿ ಹಿಡಿದಿರುವಾಗ, ಮೈ ನೇರವಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಮೊದಲ ವಾರ ಒಂದೇ ದಿನ, ಐದೈದರ ಎರಡು ಸುತ್ತು. ಎರಡನೇ ವಾರ ಎರಡು ದಿನ, ಆರಾರು. ಸೊಂಟ ಮಡಚಿದರೆ ಭಾರ ಹ್ಯಾಮ್‌ಸ್ಟ್ರಿಂಗ್ ಮೇಲೆ ಬೀಳದು. ಪಂದ್ಯದ ಹಿಂದಿನ ದಿನ ಮಾತ್ರ ಬೇಡ, ನೋವು ಮರುದಿನಕ್ಕೆ ಉಳಿಯುತ್ತದೆ.