ಹಠ ಅನ್ನುವ ಮುಂಚೆ

ಮಂಗಳೂರಿನ ಓದುಗರೊಬ್ಬರ ಪತ್ರ: “ಹೊಸ ಪೋಪ್ ಹದಿನಾಲ್ಕನೇ ಲಿಯೋ ತಮ್ಮ ಮೊದಲ ವಿದೇಶ ಪ್ರವಾಸದಲ್ಲೇ ಟರ್ಕಿಗೆ ಹೋಗಿ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ಜೊತೆ ನಿಂತು ಪ್ರಾರ್ಥನೆ ಮಾಡಿದರು. ಟಿವಿಯಲ್ಲಿ ನೋಡಿ ಕಣ್ಣು ತುಂಬಿತು. ಸಾವಿರ ವರ್ಷದ ಜಗಳ ಇವರ ಕಾಲದಲ್ಲಾದರೂ ಮುಗಿಯಬಹುದೇ? ರೋಮ್ ಇಷ್ಟೆಲ್ಲ ಕೈ ಚಾಚುತ್ತಿದ್ದರೂ ಆರ್ಥೊಡಾಕ್ಸ್‌ನವರಿಗೆ ಯಾಕೆ ಇಷ್ಟು ಹಠ?”

ನಿಮ್ಮ ಪತ್ರ ಬಂದು ಬಹಳ ದಿನವಾಯಿತು. ಎರಡು ಸಾಲಿನಲ್ಲಿ ಮುಗಿಸುವ ಮನಸ್ಸಾಗಲಿಲ್ಲ, ಅದಕ್ಕೇ ತಡ. ಮೊದಲು ನಿಮ್ಮ ಸಂತೋಷದ ಮಾತು. ಅದರಲ್ಲಿ ನನಗೂ ಪಾಲಿದೆ. 2025ರ ನವೆಂಬರ್ 28ರಂದು ಇಜ್ನಿಕ್‌ನಲ್ಲಿ, ಅಂದರೆ ಹಳೆಯ ನೈಸಿಯಾದಲ್ಲಿ ನಡೆದದ್ದು ಸಣ್ಣ ಸಂಗತಿಯಲ್ಲ. ಸರೋವರದ ನೀರು ಇಳಿದು ಮೇಲೆ ಕಾಣುತ್ತಿರುವ ಹಳೇ ಚರ್ಚಿನ ಅಡಿಪಾಯದ ಪಕ್ಕದಲ್ಲಿ ಪೋಪ್ ಮತ್ತು ಕಾನ್‌ಸ್ಟಾಂಟಿನೋಪಲ್‌ನ, ಅಂದರೆ ಇಂದಿನ ಇಸ್ತಾಂಬುಲ್‌ನ, ಪೇಟ್ರಿಯಾರ್ಕ್ (ಆರ್ಥೊಡಾಕ್ಸ್ ಸಭೆಯ ಹಿರಿಯ ಬಿಷಪ್) ಬಾರ್ತೊಲೊಮಿಯೊ ನಿಂತರು. 325ರಲ್ಲಿ ಅದೇ ಊರಿನಲ್ಲಿ ಸೇರಿದ್ದ ಮಹಾಸಭೆಗೆ 1700 ವರ್ಷ ತುಂಬಿತ್ತು. ಇಬ್ಬರೂ ಒಟ್ಟಿಗೆ ವಿಶ್ವಾಸ ಪ್ರಮಾಣ ಹೇಳಿದರು. ಪವಿತ್ರಾತ್ಮ ತಂದೆಯಿಂದ ಹೊರಡುತ್ತಾನೆ ಎಂಬಲ್ಲಿಗೆ ನಿಲ್ಲಿಸಿದರು. ‘ಮಗನಿಂದಲೂ’ ಎಂದು ಪಶ್ಚಿಮದವರು, ಅಂದರೆ ರೋಮಿನ ಕಡೆಯವರು, ಆಮೇಲೆ ಸೇರಿಸಿಕೊಂಡ ಮಾತನ್ನು ಪೋಪ್ ಹೇಳಲಿಲ್ಲ. ಪೂರ್ವದವರು, ಅಂದರೆ ಆರ್ಥೊಡಾಕ್ಸ್‌ನವರು, ಶತಮಾನಗಳಿಂದ ಕೇಳುತ್ತಿದ್ದದ್ದು ಇದನ್ನೇ.

ಆದರೆ ‘ಹಠ’ ಅಂದಿರಲ್ಲ, ಅಲ್ಲಿ ನನ್ನ ತಕರಾರಿದೆ.

ಜಗಳ ಶುರುವಾದದ್ದು 1054ರಲ್ಲಿ ಅಂತ ಎಲ್ಲ ಪುಸ್ತಕಗಳೂ ಹೇಳುತ್ತವೆ. ಆ ವರ್ಷದ ಜುಲೈ 16ರಂದು ರೋಮಿನ ಕಾರ್ಡಿನಲ್ ಹಂಬರ್ಟ್ ಕಾನ್‌ಸ್ಟಾಂಟಿನೋಪಲ್‌ನ ಹಗಿಯಾ ಸೋಫಿಯಾ ಚರ್ಚಿಗೆ ನುಗ್ಗಿ, ಪೂಜೆಯ ಹೊತ್ತಿನಲ್ಲಿ ಬಲಿಪೀಠದ ಮೇಲೆ ಬಹಿಷ್ಕಾರದ ಪತ್ರ ಇಟ್ಟು ಹೊರಟುಹೋದ. ಅವನನ್ನು ಕಳಿಸಿದ ಪೋಪ್ ಒಂಬತ್ತನೇ ಲಿಯೋ ಏಪ್ರಿಲ್‌ನಲ್ಲೇ ತೀರಿಹೋಗಿದ್ದರು. ಆ ಪತ್ರಕ್ಕೆ ಅಧಿಕಾರ ಇತ್ತೋ ಇಲ್ಲವೋ ಎಂಬುದೇ ಅನುಮಾನ. ಅಲ್ಲಿನ ಸಾಮಾನ್ಯ ಜನರಿಗೆ ಅದರಿಂದ ದೊಡ್ಡ ವ್ಯತ್ಯಾಸವೂ ಆಗಿರಲಿಲ್ಲ. ಅವರು ಇವತ್ತಿಗೂ ಮರೆಯದ ವರ್ಷ ಬೇರೆ. ಅದು 1204.

ನಾಲ್ಕನೇ ಧರ್ಮಯುದ್ಧಕ್ಕೆ ಹೊರಟ ಪಶ್ಚಿಮದ ಸೈನ್ಯ ಹೋಗಬೇಕಿದ್ದ ಕಡೆ ಹೋಗದೆ ಕಾನ್‌ಸ್ಟಾಂಟಿನೋಪಲ್‌ಗೆ ನುಗ್ಗಿತು. ಏಪ್ರಿಲ್ ತಿಂಗಳಲ್ಲಿ ಮೂರು ದಿನ ಲೂಟಿ. ಊರಿನೊಳಗೇ ಇದ್ದು ಇದನ್ನೆಲ್ಲ ನೋಡಿದ ನಿಕೆಟಾಸ್ ಕೋನಿಯಾಟೆಸ್ ಎಂಬ ಗ್ರೀಕ್ ಅಧಿಕಾರಿ ಬರೆದಿಟ್ಟಿದ್ದಾನೆ. ಹಗಿಯಾ ಸೋಫಿಯಾದ ಬಲಿಪೀಠವನ್ನು ಒಡೆದು ಚೂರು ಚೂರು ಹಂಚಿಕೊಂಡರು. ಬೆಳ್ಳಿ ಬಂಗಾರ ಹೇರಲು ಹೇಸರಗತ್ತೆಗಳನ್ನು ಗುಡಿಯೊಳಗೇ ತಂದರು. ನಯವಾದ ಕಲ್ಲುನೆಲದ ಮೇಲೆ ಅವು ಜಾರಿ ಬಿದ್ದವು. ಒಬ್ಬ ವೇಶ್ಯೆಯನ್ನು ಪೇಟ್ರಿಯಾರ್ಕ್ ಪೀಠದ ಮೇಲೆ ಕೂರಿಸಿ ಹಾಡಿಸಿದರು. ಇದನ್ನು ಮಾಡಿದವರ ಎದೆಯ ಮೇಲೆ ಶಿಲುಬೆ ಇತ್ತು. ಆ ಊರಿನ ಕುದುರೆಪಂದ್ಯದ ಮೈದಾನದಲ್ಲಿದ್ದ ನಾಲ್ಕು ಕಂಚಿನ ಕುದುರೆಗಳನ್ನು ವೆನಿಸ್‌ನವರು ಎತ್ತಿಕೊಂಡು ಹೋದರು. ಸಂತ ಮಾರ್ಕನ ಚರ್ಚಿನ ಒಳಗೆ ಅವು ಈಗಲೂ ಇವೆ. ಹೊರಗೆ ನಿಂತು ನಾವು ಫೋಟೋ ತೆಗೆಯುವುದು ನಕಲುಗಳದ್ದು.

ಅಂದಿನ ಪೋಪ್ ಮೂರನೇ ಇನ್ನೊಸೆಂಟ್ ಈ ದಾಳಿ ಮಾಡಿ ಅಂತ ಹೇಳಿರಲಿಲ್ಲ. ಲೂಟಿಯ ಸುದ್ದಿ ಕೇಳಿ ಕೆಂಡವಾದರು. ಇದನ್ನು ಹೇಳದಿದ್ದರೆ ಅವರಿಗೆ ಅನ್ಯಾಯ. ಆದರೆ ಗೆದ್ದವರು ಅಲ್ಲಿ ಕೂರಿಸಿದ ಲ್ಯಾಟಿನ್, ಅಂದರೆ ರೋಮಿನ ಕಡೆಯ, ಪೇಟ್ರಿಯಾರ್ಕ್‌ನನ್ನು ಅವರು ಒಪ್ಪಿಕೊಂಡರು. ಕಳ್ಳತನ ತಪ್ಪು, ಕದ್ದ ಮಾಲು ಮಾತ್ರ ಇರಲಿ ಅಂದ ಹಾಗಾಯಿತು. ಗ್ರೀಕರು ತಮ್ಮ ಊರನ್ನು ವಾಪಸ್ ಪಡೆಯಲು 1261ರವರೆಗೆ ಕಾಯಬೇಕಾಯಿತು. ಇಂಥದ್ದನ್ನು ನೆನಪಿಟ್ಟುಕೊಂಡ ಮನೆಯವರು, ಕೈ ಚಾಚಿದ ಕೂಡಲೇ ಓಡಿ ಬಂದು ತಬ್ಬಿಕೊಳ್ಳಲಿಲ್ಲ ಅಂದರೆ ಅದು ಹಠವೇ ಸಾರ್?

ಇನ್ನೊಂದು ಪ್ರಸಂಗ ಹೇಳುತ್ತೇನೆ, ನನಗೆ ತುಂಬಾ ಪ್ರಿಯವಾದದ್ದು. 1438ರಲ್ಲಿ ಎರಡೂ ಕಡೆಯನ್ನು ಒಂದು ಮಾಡಲು ಇಟಲಿಯ ಫೆರಾರಾದಲ್ಲಿ ಸಭೆ ಸೇರಿತು. ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಎರಡನೇ ಜೋಸೆಫ್ ಮುಪ್ಪಿನ ವಯಸ್ಸಿನಲ್ಲಿ ಸಮುದ್ರ ದಾಟಿ ಬಂದರು. ದಡ ಸೇರುವಾಗಲೇ ಅವರಿಗೆ ಸಂದೇಶ ಬಂತು: ಪೋಪರ ಪಾದಕ್ಕೆ ಮುತ್ತಿಡಬೇಕು. ಅವರು ಆಗಲ್ಲ ಅಂದರು. ಹಾಗೆ ಮಾಡಲೇಬೇಕು ಅನ್ನುವುದಾದರೆ ಹಡಗಿನಿಂದಲೇ ಇಳಿಯುವುದಿಲ್ಲ ಅಂದರು. ಕೊನೆಗೆ ಪೋಪರೇ ಬಿಟ್ಟುಕೊಟ್ಟರು. ಮುಂದೆ 1439ರಲ್ಲಿ ಫ್ಲಾರೆನ್ಸ್‌ನಲ್ಲಿ ಏಕತೆಯ ಪತ್ರಕ್ಕೆ ಸಹಿಯೂ ಬಿತ್ತು. ತುರ್ಕರು ಬಾಗಿಲಿಗೆ ಬಂದಿದ್ದರು, ಸಹಿ ಹಾಕದಿದ್ದರೆ ಸೈನ್ಯದ ನೆರವು ಸಿಗುತ್ತಿರಲಿಲ್ಲ. ಎಫೆಸದ ಮಾರ್ಕ್ ಎಂಬ ಬಿಷಪ್ ಸಹಿ ಹಾಕಲಿಲ್ಲ. ಊರಿಗೆ ಮರಳಿದ ಮೇಲೆ ಜನ ಅವರನ್ನೇ ಮೆಚ್ಚಿದರು. ಕಷ್ಟ ನೋಡಿ ಬರೆಸಿಕೊಂಡ ಪತ್ರ ಅದು, ಬಾಳಲಿಲ್ಲ.

ಈಗ 1975ರ ಡಿಸೆಂಬರ್ 14ಕ್ಕೆ ಬನ್ನಿ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್. 1054ರ ಪರಸ್ಪರ ಬಹಿಷ್ಕಾರ ರದ್ದಾಗಿ ಹತ್ತು ವರ್ಷ ತುಂಬಿದ ನೆನಪಿಗೆ ಪೂಜೆ. ಕಾನ್‌ಸ್ಟಾಂಟಿನೋಪಲ್ ಕಡೆಯಿಂದ ಮೆಟ್ರೊಪಾಲಿಟನ್ (ಹಿರಿಯ ಬಿಷಪ್) ಮೆಲಿಟನ್ ಬಂದಿದ್ದರು. ಪೂಜೆಯ ಕೊನೆಗೆ ಪೋಪ್ ಆರನೇ ಪೌಲ್ ಅವರ ಬಳಿ ನಡೆದು ಬಂದರು. ಎಪ್ಪತ್ತೆಂಟು ವರ್ಷದವರು. ಯಾರಿಗೂ ಮೊದಲೇ ಹೇಳಿರಲಿಲ್ಲ. ಮಂಡಿಯೂರಿ ಕೂತು ಮೆಲಿಟನ್ ಪಾದಕ್ಕೆ ಮುತ್ತಿಟ್ಟರು. ಐನೂರು ವರ್ಷದ ಹಿಂದೆ ತಮ್ಮ ಪೀಠ ಕೇಳಿದ್ದನ್ನು ತಾವೇ ತೀರಿಸಿದರು. ಎರಡೂ ಕಡೆಯ ಪಂಡಿತರ ಆಯೋಗ 1980ರಿಂದ ಸಭೆ ಸೇರುತ್ತಿದೆ. 2007ರಲ್ಲಿ ರವೆನ್ನಾದಲ್ಲಿ, 2016ರಲ್ಲಿ ಕಿಯೆಟಿಯಲ್ಲಿ, 2023ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಒಳ್ಳೊಳ್ಳೆ ಹೇಳಿಕೆಗಳು ಬಂದಿವೆ. ಅವುಗಳನ್ನು ಓದಿದ್ದೇನೆ, ಗೌರವವೂ ಇದೆ. ಆದರೆ ಆ ಒಂದು ಮಂಡಿಯೂರುವಿಕೆಯ ತೂಕ ಅವಕ್ಕೆ ಇಲ್ಲ. ದೊಡ್ಡ ಪೀಠದಲ್ಲಿ ಕೂತವರು ಮೊದಲು ಇಳಿಯಬೇಕು. ಇದು ನನ್ನ ಗಟ್ಟಿ ನಂಬಿಕೆ.

ಆರ್ಥೊಡಾಕ್ಸ್ ಕಡೆ ತಪ್ಪೇ ಇಲ್ಲ ಅಂತ ಹೇಳುತ್ತಿಲ್ಲ. ಅವರೊಳಗೇ ಒಗ್ಗಟ್ಟಿಲ್ಲ. 2016ರಲ್ಲಿ ಕ್ರೀಟ್ ದ್ವೀಪದಲ್ಲಿ ಎಲ್ಲರ ಮಹಾಸಭೆ ಕರೆದರೆ ರಷ್ಯಾ, ಬಲ್ಗೇರಿಯಾ, ಜಾರ್ಜಿಯಾ, ಅಂತಿಯೋಕ್ಯದವರು ಬರಲೇ ಇಲ್ಲ. ಉಕ್ರೇನಿನ ಚರ್ಚ್ ವಿಷಯಕ್ಕೆ 2018ರಲ್ಲಿ ಮಾಸ್ಕೋ ಕಾನ್‌ಸ್ಟಾಂಟಿನೋಪಲ್ ಜೊತೆಗಿನ ಸಂಬಂಧವನ್ನೇ ಕಡಿದುಕೊಂಡಿತು. ಎಲ್ಲರ ಪರವಾಗಿ ಮಾತಾಡಲು ಒಬ್ಬರು ಬೇಕು ಎಂಬ ರೋಮಿನ ವಾದದಲ್ಲಿ ಹುರುಳಿದೆ.

ಆದರೆ ಆ ಒಬ್ಬರಿಗೆ ಎಷ್ಟು ಅಧಿಕಾರ? ಗಂಟು ಇರುವುದು ಅಲ್ಲೇ. ರೋಮಿನ ಬಿಷಪ್ ಸಾಲಿನಲ್ಲಿ ಮೊದಲಿಗರು ಎಂಬುದನ್ನು ಪೂರ್ವದವರು ಯಾವತ್ತೂ ಅಲ್ಲಗಳೆದಿಲ್ಲ. ರವೆನ್ನಾ ಹೇಳಿಕೆಯಲ್ಲೂ ಅದು ಇದೆ. ಆದರೆ 1870ರ ವ್ಯಾಟಿಕನ್ ಸಭೆ, ಪೋಪರಿಗೆ ಜಗತ್ತಿನ ಪ್ರತಿ ಚರ್ಚಿನ ಮೇಲೂ ನೇರ ಅಧಿಕಾರ ಇದೆ ಎಂದು ಸಾರಿತು. ಅದನ್ನು ಬರೆದಾಗ ಪೂರ್ವದವರು ಆ ಕೋಣೆಯಲ್ಲಿ ಇರಲಿಲ್ಲ. ಲಿಯೋ ನಿಜವಾಗಿ ಏನಾದರೂ ಮಾಡುವುದಾದರೆ ಇಲ್ಲಿ ಮಾಡಬೇಕು. ಮೊದಲ ಸಾವಿರ ವರ್ಷ ರೋಮ್ ಪೂರ್ವದ ಮೇಲೆ ಎಷ್ಟು ಅಧಿಕಾರ ನಡೆಸಿತ್ತೋ ಅಷ್ಟೇ ಸಾಕು ಅಂತ ಬಾಯಿಬಿಟ್ಟು ಹೇಳಬೇಕು. ಈಸ್ಟರ್ ದಿನ ಒಂದಾಗಲಿ ಎಂಬ ಆಸೆಯನ್ನು ಇಸ್ತಾಂಬುಲ್‌ನಲ್ಲಿ ಇಬ್ಬರೂ ಸಹಿ ಮಾಡಿದ ಹೇಳಿಕೆಯಲ್ಲಿ ಬರೆದಿದ್ದಾರೆ. 2025ರಲ್ಲಿ ಏಪ್ರಿಲ್ 20ಕ್ಕೆ ಎರಡೂ ಈಸ್ಟರ್ ಒಟ್ಟಿಗೆ ಬಂದಿದ್ದವು. 2027ರಲ್ಲಿ ಒಂದು ಮಾರ್ಚ್ 28ಕ್ಕೆ, ಇನ್ನೊಂದು ಮೇ 2ಕ್ಕೆ. ಇದು ಪಂಚಾಂಗದ ಲೆಕ್ಕ, ಮನಸ್ಸಿದ್ದರೆ ಸರಿಮಾಡಬಹುದು. ಅದರಲ್ಲೂ ಪಶ್ಚಿಮದವರು ಸ್ವಲ್ಪ ಜಾಸ್ತಿ ಸರಿದು ಕೂರಲಿ ಅಂತ ನನ್ನ ಆಸೆ.

ಈಗ ನಿಮ್ಮ ಊರಿನ ಹತ್ತಿರಕ್ಕೇ ಬರುತ್ತೇನೆ. ಮಂಗಳೂರಿನಲ್ಲಿ ಕೂತು ಆರ್ಥೊಡಾಕ್ಸ್ ಅಂದರೆ ದೂರದ ಟರ್ಕಿಯವರು ಎಂಬಂತೆ ನೀವು ಬರೆದದ್ದು ನೋಡಿ ನನಗೆ ಸ್ವಲ್ಪ ಬೇಜಾರಾಯಿತು. ಉಡುಪಿ ದಾಟಿ ಕುಂದಾಪುರದ ಕಡೆ ಹೋದರೆ ಬ್ರಹ್ಮಾವರ ಸಿಗುತ್ತದೆ. ಅಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ. ಅವರ ಹಿರಿಯರೂ ನಿಮ್ಮ ಹಿರಿಯರ ಹಾಗೆ ರೋಮಿನ ಸಭೆಯಲ್ಲೇ ಇದ್ದವರು. 1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ನಡುವೆ ಒಪ್ಪಂದವಾಯಿತು. ಗೋವಾದ ಕೈಕೆಳಗಿದ್ದ ಎಷ್ಟೋ ಚರ್ಚುಗಳು ಬೇರೆಯವರ ಆಡಳಿತಕ್ಕೆ ಹೋದವು. ಜನರನ್ನು ಯಾರೂ ಕೇಳಲಿಲ್ಲ. ಬ್ರಹ್ಮಾವರದ ಕೆಲವು ಕುಟುಂಬಗಳು ಇದಕ್ಕೆ ಒಪ್ಪಲಿಲ್ಲ. ಗೋವಾದ ಪಾದ್ರಿ ಆಲ್ವಾರಿಸ್ ಅವರ ಮುಂದಾಳು. ಬಡವರ, ರೋಗಿಗಳ ಸೇವೆ ಮಾಡಿದವರು, ಪತ್ರಿಕೆ ನಡೆಸಿದವರು. ಅದಕ್ಕೇ ಅವರ ಮೇಲೆ ನನಗೆ ವಿಶೇಷ ಪ್ರೀತಿ. 1889ರಲ್ಲಿ ಕೊಟ್ಟಾಯಂನಲ್ಲಿ ಕೇರಳದ ಆರ್ಥೊಡಾಕ್ಸ್ ಸಭೆಯಾದ ಮಲಂಕರ ಸಭೆಯವರು ಅವರನ್ನು ಬಿಷಪ್ ಮಾಡಿದರು. ಬ್ರಹ್ಮಾವರದಲ್ಲಿ ಫಾದರ್ ನೊರೊನ್ಹಾ ಆ ಸಣ್ಣ ಗುಂಪನ್ನು ಕಾಪಾಡಿಕೊಂಡು ಬಂದರು.

1886ರಲ್ಲಿ ಒಪ್ಪಂದ ಮಾಡಿಕೊಂಡ ಪೋಪ್ ಯಾರು ಗೊತ್ತೇ? ಹದಿಮೂರನೇ ಲಿಯೋ. ಕಾರ್ಮಿಕರ ಪರ ಮಾತಾಡಿದ ಒಳ್ಳೆಯ ಪೋಪ್ ಅಂತ ಹೆಸರಾದವರು. ಈಗಿನ ಪೋಪ್ ಲಿಯೋ ಎಂಬ ಹೆಸರು ಆರಿಸಿಕೊಂಡದ್ದು ಮುಖ್ಯವಾಗಿ ಅವರ ನೆನಪಿಗೆ.

ಒಂದು ಮಾತು ಸ್ಪಷ್ಟ ಇರಲಿ. ಬ್ರಹ್ಮಾವರದವರು, ಕೇರಳದ ಮಲಂಕರದವರು ಬಾರ್ತೊಲೊಮಿಯೊ ಕೈಕೆಳಗಿನವರಲ್ಲ. ಅವರ ಸಂಪ್ರದಾಯ 451ರ ಕಾಲ್ಸೆಡನ್ ಸಭೆಯನ್ನು ಒಪ್ಪದ ಸಿರಿಯನ್, ಕಾಪ್ಟಿಕ್, ಅರ್ಮೇನಿಯನ್ ಸಭೆಗಳದ್ದು. ಕೇರಳದ ನೆನಪಂತೂ ಇನ್ನೂ ಕಹಿ. 1599ರಲ್ಲಿ ಉದಯಂಪೇರೂರಿನಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಸಭೆ ಕರೆದು ಅವರ ಸಿರಿಯಾಕ್ ಗ್ರಂಥಗಳನ್ನು ತಿದ್ದಿಸಿದರು, ಸುಡಿಸಿದರು. ಅದಕ್ಕೂ ಏಕತೆ ಅಂತಲೇ ಹೆಸರು. 1653ರ ಜನವರಿ 3ರಂದು ಮಟ್ಟಂಚೇರಿಯಲ್ಲಿ ಜನ ಶಿಲುಬೆಗೆ ಹಗ್ಗ ಕಟ್ಟಿ, ಆ ಹಗ್ಗ ಹಿಡಿದು, ಪೋರ್ಚುಗೀಸ್ ಪಾದ್ರಿಗಳ ಮಾತು ಇನ್ನು ಕೇಳುವುದಿಲ್ಲ ಎಂದು ಆಣೆ ಮಾಡಿದರು.

ನನ್ನ ಪರಿಚಯದ ಒಂದು ಮನೆ ಕರಾವಳಿಯಲ್ಲಿದೆ. ಗಂಡ ಆರ್ಥೊಡಾಕ್ಸ್, ಹೆಂಡತಿ ಕ್ಯಾಥೊಲಿಕ್. ಭಾನುವಾರ ಒಂದೇ ಸ್ಕೂಟರ್‌ನಲ್ಲಿ ಹೊರಡುತ್ತಾರೆ. ಅವಳನ್ನು ಅವಳ ಚರ್ಚಿನ ಗೇಟಿನಲ್ಲಿ ಇಳಿಸಿ ಅವನು ಮುಂದೆ ಹೋಗುತ್ತಾನೆ. ಒಂದೇ ಭಾಷೆಯ ಪ್ರಾರ್ಥನೆ, ಇಲ್ಲಿ ಇಬ್ಬರಿಗೂ ಒಂದೇ ದಿನ ಈಸ್ಟರ್, ಮನೆಗೆ ಬಂದು ಒಂದೇ ತಟ್ಟೆಯ ಸಣ್ಣಾಸು. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದ ಮಾತ್ರ ಬೇರೆ. ಹೊಸ ಪೋಪ್ ಬಂದರೆ ಏನು ಬದಲಾಗುತ್ತದೆ ಅಂತ ಕೇಳಿದಿರಿ. ನನ್ನ ಅಳತೆಗೋಲು ಈ ಮನೆ. ಈ ಅಂತರ ಕಡಿಮೆ ಆಗಬಹುದು ಎಂಬುದಕ್ಕೆ ದಾರಿಯೂ ಇದೆ. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಮತ್ತು ಸಿರಿಯನ್ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ಝಕ್ಕಾ ಒಂದು ಒಪ್ಪಂದ ಮಾಡಿಕೊಂಡರು. ತಮ್ಮ ಪಾದ್ರಿ ಸಿಗದಿದ್ದಾಗ ಎರಡೂ ಕಡೆಯ ಜನ ಇನ್ನೊಬ್ಬರ ಪಾದ್ರಿಯಿಂದ ಸಂಸ್ಕಾರ ಪಡೆಯಬಹುದು. 1994ರಲ್ಲಿ ಅದೇ ಪೇಟ್ರಿಯಾರ್ಕ್ ಕೈಕೆಳಗಿನ ಕೇರಳದ ಯಾಕೋಬಿ ಸಭೆಯವರ ಜೊತೆ ಮಿಶ್ರ ಮದುವೆಗಳ ಬಗ್ಗೆಯೂ ಒಪ್ಪಂದವಾಯಿತು. ದೊಡ್ಡ ದೊಡ್ಡ ವೇದಿಕೆಗಳಿಗಿಂತ ಇಂಥ ಸಣ್ಣ ಒಪ್ಪಂದಗಳೇ ಜನರ ಬದುಕಿಗೆ ಆಗುವುದು.

‘ಒಂದಾಗೋಣ’ ಎಂಬ ಮಾತು ದೊಡ್ಡವರ ಬಾಯಲ್ಲಿ ಬಂದಾಗ ಸಣ್ಣವರಿಗೆ ಎದೆ ಝಲ್ಲೆನ್ನುತ್ತದೆ. ನಿಮ್ಮ ಕರಾವಳಿಗೆ ಇದನ್ನು ನಾನು ಹೇಳಿಕೊಡಬೇಕೇ? ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ್ದು, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ. ವಿಜಯಾ ಬ್ಯಾಂಕ್ ಮಂಗಳೂರಿನದ್ದು. 2019, 2020ರ ವಿಲೀನದಲ್ಲಿ ಮೂರೂ ಬೋರ್ಡು ಇಳಿದವು. ಲೆಕ್ಕದಲ್ಲಿ ಲಾಭವೇ ಇರಬಹುದು. ಆದರೆ ಆ ಹೆಸರುಗಳ ಜೊತೆ ಬೆಳೆದವರು ನೊಂದುಕೊಂಡಾಗ ಅವರನ್ನೂ ಹಠಮಾರಿಗಳು ಅಂದರು. ಸಣ್ಣ ಭಾಷೆ, ಸಣ್ಣ ಶಾಲೆ, ಸಣ್ಣ ಸಭೆ, ಎಲ್ಲದಕ್ಕೂ ಇದೇ ಮಾತು. ನಮ್ಮ ಮಾಧ್ಯಮಗಳ ಮೇಲೂ ನನಗೆ ಸಿಟ್ಟಿದೆ. 2025ರ ಮೇ 8ರಂದು ಹೊಸ ಪೋಪ್ ಆಯ್ಕೆಯಾದ ಗುರುತಾಗಿ ಚಿಮಣಿಯಿಂದ ಬಿಳಿ ಹೊಗೆ ಬಂದಾಗ ಗಂಟೆಗಟ್ಟಲೆ ತೋರಿಸಿದರು. ಬ್ರಹ್ಮಾವರಕ್ಕೆ ಕ್ಯಾಮೆರಾ ಹಿಡಿದು ಹೋಗಿ, ನಿಮಗೆ ಏನನ್ನಿಸುತ್ತದೆ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಲಿಯೋ ಕಾಲದಲ್ಲಿ ಎರಡೂ ಸಭೆಗಳು ಒಂದಾಗುತ್ತವೆ ಅಂತ ನನಗೆ ಅನ್ನಿಸುವುದಿಲ್ಲ. 2033ಕ್ಕೆ ಎಲ್ಲರೂ ಜೆರುಸಲೇಮಿನಲ್ಲಿ ಸೇರೋಣ ಎಂದು ಅವರು ಕರೆದಿದ್ದಾರೆ. ಪೆರುವಿನ ಬಡ ಊರುಗಳಲ್ಲಿ ವರ್ಷಗಟ್ಟಲೆ ದುಡಿದವರು, ಕೇಳಿಸಿಕೊಳ್ಳುವ ಸ್ವಭಾವದವರು. ಈಸ್ಟರ್ ದಿನ ಒಂದಾಗಬಹುದು. ಉಕ್ರೇನ್ ಯುದ್ಧ ನಿಲ್ಲುವ ತನಕ ಮಾಸ್ಕೋ ಕಡೆಯಿಂದ ನನಗೆ ನಿರೀಕ್ಷೆ ಕಡಿಮೆ.

ನಿಮಗೊಂದು ಕೆಲಸ ಕೊಡುತ್ತೇನೆ. ಒಂದು ಭಾನುವಾರ ಬ್ರಹ್ಮಾವರಕ್ಕೆ ಹೋಗಿ ಬನ್ನಿ. ಅಲ್ಲಿನ ಹಿರಿಯರ ಬಳಿ ಕೂತು, 1880ರ ದಶಕದ ಬಗ್ಗೆ ಅವರ ಅಜ್ಜ ಅಜ್ಜಿ ಏನು ಹೇಳುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಿ. ನಿಮ್ಮ ವಾದ ಸೇರಿಸಬೇಡಿ, ಅವರ ಮಾತು ಅವರದ್ದಾಗಿಯೇ ಇರಲಿ. ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

– ಸಂಪಾದಕ